ನೆಟ್ ಇಲ್ಲದ ಶಾಲೆಗೂ ಕನ್ನಡ ವಿಕಿಪೀಡಿಯ: ರಾಸ್ಪ್‌ಬೆರಿ ಪೈ ಮೇಲೆ ಪುಟ್ಟ ಲಿನಕ್ಸ್ ಸರ್ವರ್

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಇವತ್ತು ಅದರಲ್ಲಿ 30 ಸಾವಿರಕ್ಕಿಂತ ಜಾಸ್ತಿ ಲೇಖನಗಳಿವೆ. ಅಷ್ಟೂ ಲೇಖನಗಳು ಉಗುರಿನಷ್ಟಗಲದ ಒಂದು ಮೆಮೊರಿ ಕಾರ್ಡಿನಲ್ಲಿ ಕೂರುತ್ತವೆ. ಆದರೂ ಎಷ್ಟೋ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ, ಗ್ರಾಮ ಪಂಚಾಯ್ತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಅದು ಸಿಗುವುದಿಲ್ಲ. ನೆಟ್ ಇರುವುದಿಲ್ಲ, ಇದ್ದರೂ ನಿಲ್ಲುವುದಿಲ್ಲ. ಮಲೆನಾಡಿನ ಕಡೆ ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ, ಸಿಗ್ನಲ್ಲೂ ಹೋಗುತ್ತದೆ.

ಇದಕ್ಕೆ ಒಂದು ಒಳ್ಳೆ ದಾರಿ ಇದೆ. ಅಂಗೈಯಲ್ಲಿ ಹಿಡಿಸುವ ರಾಸ್ಪ್‌ಬೆರಿ ಪೈ ಎಂಬ ಒಂದೇ ಬೋರ್ಡಿನ ಕಂಪ್ಯೂಟರ್ ತಗೊಂಡು, ಅದರಲ್ಲಿ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ, ಕಿವಿಕ್ಸ್ ಎಂಬ ಉಚಿತ ತಂತ್ರಾಂಶದಿಂದ ವಿಕಿಪೀಡಿಯ ಹಂಚುವುದು. ಸುತ್ತಲಿನ ಫೋನು, ಲ್ಯಾಪ್‌ಟಾಪುಗಳೆಲ್ಲ ಅದರ ವೈಫೈಗೆ ಸೇರಿಕೊಂಡು ಓದಬಹುದು. ಒಂದು ಪೈಸೆಯ ಡೇಟಾ ಬೇಡ.

ಇಂಥ ಸರ್ವರ್ ಕಟ್ಟುವುದಕ್ಕೆ ಒಂದು ಮಧ್ಯಾಹ್ನ ಸಾಕು. ಆದರೆ ಅದು ವರ್ಷಗಟ್ಟಲೆ ನಡೆಯಬೇಕು ಅಂದರೆ ಬೇರೆ ಲೆಕ್ಕ ಹಾಕಬೇಕು. ಸಂಜೆ ಲ್ಯಾಬಿಗೆ ಬೀಗ ಹಾಕುವವರು ಸುಮ್ನೆ ಮೇನ್ ಸ್ವಿಚ್ ಆರಿಸಿ ಹೋಗುತ್ತಾರೆ. ಅವರು ಮಾಡುವುದು ಸರಿಯೇ. ಹಾಗೆ ಆರಿಸಿದರೂ ಮರುದಿನ ಬೆಳಿಗ್ಗೆ ತಾನೇ ಎದ್ದು ಕೂರುವಂಥ ಸರ್ವರ್ ಕಟ್ಟುವುದು ನಮ್ಮ ಕೆಲಸ. ಈ ಲೇಖನದ ಮುಖ್ಯ ಗುರಿಯೇ ಅದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ, ಉದ್ಧರಣ ಚಿಹ್ನೆಯ ಒಳಗೆ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ದೊಡ್ಡ ಅಕ್ಷರ ಬೇಕಾದ ಕಡೆ ಹೇಳಿದ್ದೇನೆ. ಕಿವಿಕ್ಸ್ ಅನ್ನು ಬರೆಯುವುದು ಕೆ, ಐ, ಡಬ್ಲ್ಯು, ಐ, ಎಕ್ಸ್ ಎಂದು.

ಏನೇನು ಬೇಕು

ಬೋರ್ಡು ಹೊಸದೇ ಆಗಬೇಕಿಲ್ಲ. ವಿಕಿಪೀಡಿಯ ಹಂಚುವುದು ಭಾರದ ಕೆಲಸವಲ್ಲ. 2019ರಲ್ಲಿ ಬಂದ ಪೈ 4, 1 ಅಥವಾ 2 ಜಿಬಿ ರ‍್ಯಾಮ್ ಇರುವುದು, ಬೇಕಾದಷ್ಟಾಯಿತು. ಯಾರದೋ ಮನೆಯಲ್ಲಿ ಸುಮ್ನೆ ಬಿದ್ದಿರುವ ಪೈ 3 ಸಿಕ್ಕರೂ ನಡೆಯುತ್ತದೆ. 2023ರ ಪೈ 5 ಇದಕ್ಕೆ ಅಗತ್ಯಕ್ಕಿಂತ ಜಾಸ್ತಿ. ಆ ದುಡ್ಡನ್ನು ಒಳ್ಳೆ ಪವರ್ ಅಡಾಪ್ಟರ್‌ಗೂ ಒಳ್ಳೆ ಕಾರ್ಡಿಗೂ ಹಾಕಿ ಎಂಬುದು ನನ್ನ ಸಲಹೆ.

ಯಾಕೆಂದರೆ ಪೈ ಸರ್ವರ್‌ಗಳಲ್ಲಿ ಬರುವ ತಲೆಬುಡ ತಿಳಿಯದ ತೊಂದರೆಗಳಲ್ಲಿ ಬಹುಪಾಲು ಪವರ್‌ನಿಂದಲೇ ಬರುತ್ತವೆ. ಪೈ 4ಕ್ಕೆ 5 ವೋಲ್ಟಿನಲ್ಲಿ 3 ಆಂಪಿಯರ್ ಬೇಕು, ಪೈ 3ಕ್ಕೆ 2.5 ಆಂಪಿಯರ್. ಫೋನಿನ ಫಾಸ್ಟ್ ಚಾರ್ಜರ್ ಮೇಲೆ 30 ವ್ಯಾಟ್, 60 ವ್ಯಾಟ್ ಅಂತ ಬರೆದಿರುತ್ತದೆ ನಿಜ. ಆದರೆ ಅದು ಸಾಮಾನ್ಯವಾಗಿ 9 ವೋಲ್ಟ್ ಅಥವಾ ಅದಕ್ಕೂ ಮೇಲಿನ ಲೆಕ್ಕ. 5 ವೋಲ್ಟಿನಲ್ಲಿ ಅದು ಎಷ್ಟು ಆಂಪಿಯರ್ ಕೊಡುತ್ತದೆ ಎಂದು ಚಾರ್ಜರಿನ ಮೇಲಿನ ಸಣ್ಣಕ್ಷರ ಓದಿ ನೋಡಿ. ಕೇಬಲ್ ತೆಳ್ಳಗಿದ್ದರೆ ದಾರಿಯಲ್ಲೇ ವೋಲ್ಟೇಜ್ ಇಳಿಯುತ್ತದೆ. ಬೋರ್ಡಿಗೆ ತಲುಪುವಷ್ಟರಲ್ಲಿ 4.63 ವೋಲ್ಟಿಗಿಂತ ಕೆಳಗೆ ಬಿದ್ದರೆ ಪೈ ಪವರ್ ಸಾಲದು ಎಂದು ದೂರುತ್ತದೆ, ವೇಗ ಇಳಿಸುತ್ತದೆ, ಕೆಲವೊಮ್ಮೆ ಕಾರ್ಡಿಗೆ ಬರೆಯುವಾಗಲೇ ರೀಸ್ಟಾರ್ಟ್ ಆಗುತ್ತದೆ. ಪೈಗೆಂದೇ ಮಾಡಿದ ಅಡಾಪ್ಟರ್ ತಗೊಳ್ಳಿ. ಅದರಲ್ಲಿ ಕೇಬಲ್ ಅಂಟಿಕೊಂಡೇ ಬರುತ್ತದೆ, ವೋಲ್ಟೇಜೂ 5.1 ಇರುತ್ತದೆ.

ಲ್ಯಾಬಿನಲ್ಲಿ ಯುಪಿಎಸ್ ಲೈನ್ ಇದ್ದರೆ ಪೈಯನ್ನು ಅದಕ್ಕೇ ಹಾಕಿ. ರೂಟರ್‌ಗೆಂದು ಮಾರುವ ಪುಟ್ಟ ಯುಪಿಎಸ್‌ಗಳನ್ನೂ ಬಳಸಬಹುದು. ಆದರೆ ಅವುಗಳಲ್ಲಿ ತುಂಬಾ ಮಾದರಿಗಳು ಕೊಡುವುದು 12 ವೋಲ್ಟ್. ಅದನ್ನು ಪೈಗೆ ಕೊಟ್ಟರೆ ಬೋರ್ಡು ಸುಟ್ಟು ಹೋಗುತ್ತದೆ. 5 ವೋಲ್ಟ್, 3 ಆಂಪಿಯರ್ ಅಂತ ಬರೆದಿರುವುದನ್ನೇ ನೋಡಿ ಕೊಳ್ಳಿ. ಕರೆಂಟಿನ ಖರ್ಚಿನ ಬಗ್ಗೆ ಯೋಚನೆ ಬೇಡ. ಸುಮಾರು 4 ವ್ಯಾಟ್ ಎಳೆಯುವ ಬೋರ್ಡು ಹಗಲೂ ರಾತ್ರಿ ಉರಿದರೂ ತಿಂಗಳಿಗೆ 3 ಯೂನಿಟ್ ದಾಟುವುದಿಲ್ಲ.

ಕಾರ್ಡು 64 ಜಿಬಿಯದ್ದು ಇರಲಿ, ಹೆಸರುವಾಸಿ ಕಂಪನಿಯದ್ದಿರಲಿ. ಎರಡು ತಗೊಳ್ಳಿ, ಎರಡನೆಯದು ಯಾಕೆ ಎಂದು ಕೊನೆಗೆ ಹೇಳುತ್ತೇನೆ. ಮಾರುಕಟ್ಟೆಯಲ್ಲಿ ನಕಲಿ ಕಾರ್ಡುಗಳು ಬರುತ್ತವೆ: ಮೇಲೆ 64 ಎಂದು ಬರೆದಿದ್ದು, ಒಳಗೆ ನಿಜಕ್ಕೂ 8 ಜಿಬಿಯಷ್ಟೇ ಇರುವಂಥವು. ವಿಂಡೋಸ್‌ನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯು', ಲಿನಕ್ಸ್‌ನಲ್ಲಿ 'ಎಫ್3' ಎಂಬ ಸಾಧನಗಳಿವೆ. ಕಾರ್ಡಿನ ತುಂಬಾ ಬರೆದು, ವಾಪಸ್ ಓದಿ, ಪೂರ್ತಿ ಇದೆಯೋ ಇಲ್ಲವೋ ಹೇಳುತ್ತವೆ. ಹೊಸ ಕಾರ್ಡನ್ನು ಒಮ್ಮೆ ಹೀಗೆ ಪರೀಕ್ಷೆ ಮಾಡಿಯೇ ಮುಂದೆ ಹೋಗಿ.

ಇದಲ್ಲದೆ ಒಂದು ಕಾರ್ಡ್ ರೀಡರ್, ಒಂದು ಲ್ಯಾನ್ ಕೇಬಲ್, ಗಾಳಿಯಾಡುವ ಒಂದು ಡಬ್ಬಿ. ಮಾನಿಟರ್, ಕೀಬೋರ್ಡ್ ಬೇಡ.

ಕಾರ್ಡಿಗೆ ಲಿನಕ್ಸ್ ಬರೆಯುವುದು

ನಿಮ್ಮ ಕಂಪ್ಯೂಟರಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಹಾಕಿಕೊಳ್ಳಿ. ಪೈಯ ಅಧಿಕೃತ ತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಅದರಲ್ಲಿ ನಿಮ್ಮ ಬೋರ್ಡು ಯಾವುದೆಂದು ಆರಿಸಿ. ಆಪರೇಟಿಂಗ್ ಸಿಸ್ಟಂ ಕೇಳಿದಾಗ ರಾಸ್ಪ್‌ಬೆರಿ ಪೈ ಓಎಸ್‌ನ ಇತರ ಮಾದರಿಗಳ ಒಳಗೆ ಹೋಗಿ 64 ಬಿಟ್‌ನ ಲೈಟ್ ಆವೃತ್ತಿ ಆರಿಸಿ. ಇದು ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕಟ್ಟಿದ್ದು. ಲೈಟ್‌ನಲ್ಲಿ ಡೆಸ್ಕ್‌ಟಾಪ್ ಇಲ್ಲ, ಹಾಗಾಗಿ ರ‍್ಯಾಮ್ ಉಳಿಯುತ್ತದೆ, ಕೆಡುವ ಭಾಗಗಳೂ ಕಡಿಮೆ.

ಬರೆಯುವ ಮೊದಲು ಇಮೇಜರ್ ಸೆಟ್ಟಿಂಗ್ ಬದಲಿಸಬೇಕಾ ಎಂದು ಕೇಳುತ್ತದೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಮಾನಿಟರ್ ಇಲ್ಲದೆ ಕೆಲಸ ಮಾಡುವವರಿಗೆ ಇದೇ ಬಾಗಿಲು.

ಹೋಸ್ಟ್‌ನೇಮ್ ಇರುವ ಕಡೆ, ಅಂದರೆ ನೆಟ್‌ವರ್ಕಿನಲ್ಲಿ ಪೈಯ ಹೆಸರು ಕೇಳುವಲ್ಲಿ, 'ಪುಸ್ತಕ' ಎಂದು ಕೊಡಿ. ಬಳಕೆದಾರರ ಹೆಸರು ನಿಮಗಿಷ್ಟ ಬಂದದ್ದು, ಆದರೆ 'ಪೈ' ಎಂದಾಗಲಿ 'ಅಡ್ಮಿನ್' ಎಂದಾಗಲಿ ಬೇಡ. ಮೊದಲೆಲ್ಲ ಪ್ರತಿ ಪೈಯಲ್ಲೂ 'ಪೈ' ಎಂಬ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರುತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು. 2022ರ ಏಪ್ರಿಲ್‌ನಿಂದ ಅದನ್ನು ತೆಗೆದು ಹಾಕಿದ್ದಾರೆ. ವೈಫೈ ವಿವರ ಕೊಡುವುದಾದರೆ ದೇಶ ಭಾರತ ಎಂದು ಆರಿಸಲೇಬೇಕು, ಇಲ್ಲದಿದ್ದರೆ ವೈಫೈ ಏಳುವುದಿಲ್ಲ. ಸಮಯ ವಲಯ ಏಷ್ಯಾ/ಕೋಲ್ಕತಾ. ಕೊನೆಗೆ ಎಸ್‌ಎಸ್‌ಎಚ್ ಆನ್ ಮಾಡಿ. ನಿಮ್ಮ ಕಂಪ್ಯೂಟರಿನಿಂದಲೇ ಪೈಯೊಳಗೆ ಹೋಗಿ ಕಮಾಂಡ್ ಕೊಡುವ ದಾರಿ ಅದು. 2016ರಿಂದ ಅದು ತಾನಾಗಿ ಆನ್ ಇರುವುದಿಲ್ಲ. ಇಷ್ಟಾದ ಮೇಲೆ ಕಾರ್ಡಿಗೆ ಬರೆಯಲು ಬಿಡಿ.

ಮೊದಲ ಸಲ ಒಳಗೆ ಹೋಗುವುದು

ಕಾರ್ಡ್ ಹಾಕಿ, ಲ್ಯಾನ್ ಕೇಬಲನ್ನು ರೂಟರ್‌ಗೆ ಸಿಕ್ಕಿಸಿ, ಕೊನೆಗೆ ಪವರ್ ಕೊಡಿ. ಈ ಹಂತಕ್ಕೆ ನೆಟ್ ಇರುವ ಜಾಗ ಬೇಕು, ನಿಮ್ಮ ಮನೆಯಾದರೂ ಸರಿ. ಮೊದಲ ಬೂಟ್‌ಗೆ ಕೆಲವು ನಿಮಿಷ ಹಿಡಿಯುತ್ತದೆ. ಅವಸರಪಟ್ಟು ಪವರ್ ತೆಗೆಯಬೇಡಿ.

ಆಮೇಲೆ ನಿಮ್ಮ ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆಯಿರಿ. ವಿಂಡೋಸ್ 10 ಮತ್ತು 11ರಲ್ಲಿ ಪವರ್‌ಶೆಲ್ ಸಾಕು. 'ಎಸ್‌ಎಸ್‌ಎಚ್', ಒಂದು ಖಾಲಿ ಜಾಗ, ನಿಮ್ಮ ಬಳಕೆದಾರರ ಹೆಸರು, ಅಟ್ ಚಿಹ್ನೆ, 'ಪುಸ್ತಕ.ಲೋಕಲ್' ಎಂದು ಕೊಡಿ. ಮೊದಲ ಸಲ ಈ ಯಂತ್ರವನ್ನು ನಂಬಬಹುದೇ ಎಂದು ಕೇಳುತ್ತದೆ, 'ಯೆಸ್' ಎನ್ನಿ. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆ ಮೇಲೆ ಏನೂ ಮೂಡುವುದಿಲ್ಲ. ಅದು ಇರುವುದೇ ಹಾಗೆ. ಹೆಸರಿನಿಂದ ಸಿಗದಿದ್ದರೆ ರೂಟರಿನ ಪುಟದಲ್ಲಿ ಸಂಪರ್ಕಗೊಂಡ ಸಾಧನಗಳ ಪಟ್ಟಿ ನೋಡಿ. ಅಲ್ಲಿ ಪೈಯ ಐಪಿ ವಿಳಾಸ ಇರುತ್ತದೆ, ಹೆಸರಿನ ಬದಲು ಅದನ್ನೇ ಬಳಸಿ.

ಒಳಗೆ ಬಂದ ಕೂಡಲೇ, ತಂತ್ರಾಂಶಗಳನ್ನೆಲ್ಲ ಹೊಸ ಆವೃತ್ತಿಗೆ ತರಲು ಎರಡು ಕಮಾಂಡ್ (ಮೇಲ್ವಿಚಾರಕರ ಅಧಿಕಾರದಿಂದ ಓಡಿಸು ಎನ್ನುವುದಕ್ಕೆ 'ಸುಡೊ', ತಂತ್ರಾಂಶ ತರಿಸುವುದಕ್ಕೆ 'ಆಪ್ಟ್'): 'ಸುಡೊ ಆಪ್ಟ್ ಅಪ್‌ಡೇಟ್', ನಂತರ 'ಸುಡೊ ಆಪ್ಟ್ ಫುಲ್-ಅಪ್‌ಗ್ರೇಡ್'. ಸ್ವಲ್ಪ ಹೊತ್ತು ತಗೊಳ್ಳುತ್ತದೆ. ಮುಗಿದ ಮೇಲೆ 'ಸುಡೊ ರೀಬೂಟ್'.

ಈಗ ಪವರ್ ಸರಿಯಿದೆಯಾ ನೋಡೋಣ. 'ವಿಸಿಜೆನ್‌ಸಿಎಂಡಿ ಗೆಟ್_ಥ್ರಾಟಲ್ಡ್' ಎಂದು ಕೊಡಿ. ಉತ್ತರ 0x0 ಬಂದರೆ ಎಲ್ಲ ಸರಿ. 0x50000 ಅಥವಾ ಬೇರೆ ಅಂಕಿ ಬಂದರೆ, ಬೂಟ್ ಆದ ಮೇಲೆ ಯಾವಾಗಲೋ ವೋಲ್ಟೇಜ್ ಬಿದ್ದಿದೆ ಅಥವಾ ಬೋರ್ಡು ಕಾದಿದೆ ಎಂದರ್ಥ. ಬಿಸಿ ಎಷ್ಟಿದೆ ಎಂದು ನೋಡಲು 'ವಿಸಿಜೆನ್‌ಸಿಎಂಡಿ ಮೆಷರ್_ಟೆಂಪ್'. 80 ಡಿಗ್ರಿ ಮುಟ್ಟಿದರೆ ಪೈ ತಾನಾಗಿ ವೇಗ ಇಳಿಸುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಶೀಟಿನ ಮಾಡಿನ ಕೋಣೆಯೊಳಗೆ ಮುಚ್ಚಿದ ಡಬ್ಬಿಯಲ್ಲಿಟ್ಟರೆ ಅಲ್ಲಿಗೆ ಮುಟ್ಟುವುದು ಕಷ್ಟವೇನಲ್ಲ. ಬಿಸಿಯನ್ನು ಹೊರಗೆಳೆಯುವ ಲೋಹದ ತುಂಡು, ಅಂದರೆ ಒಂದು ಹೀಟ್‌ಸಿಂಕ್ ಅಂಟಿಸಿ, ಡಬ್ಬಿಯ ಮುಚ್ಚಳ ತೆಗೆದಿಡಿ.

ಪಾಸ್‌ವರ್ಡ್ ಬದಲು ಕೀಲಿ

ಶಾಲೆಯ ವೈಫೈಯಲ್ಲಿ ಕುತೂಹಲದ ಮಕ್ಕಳು ಇರುತ್ತಾರೆ, ಇರಲೇಬೇಕು. ಅವರು ಪಾಸ್‌ವರ್ಡ್ ಊಹಿಸಿ ಒಳಗೆ ಬರಬಾರದು ಅಷ್ಟೆ. ನಿಮ್ಮ ಕಂಪ್ಯೂಟರಿನಲ್ಲಿ 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಕೊಟ್ಟರೆ ಎರಡು ಫೈಲು ಹುಟ್ಟುತ್ತವೆ. 'ಪಬ್' ಎಂದು ಕೊನೆಯಾಗುವುದರ ಒಳಗಿನ ಸಾಲನ್ನು ಪೈಯಲ್ಲಿ ನಿಮ್ಮ ಹೋಂ ಫೋಲ್ಡರಿನ '.ಎಸ್‌ಎಸ್‌ಎಚ್' ಎಂಬುದರೊಳಗೆ 'ಆಥರೈಸ್ಡ್_ಕೀಸ್' ಫೈಲಿಗೆ ಸೇರಿಸಿ. ಕೀಲಿಯಿಂದ ಒಳಗೆ ಹೋಗಲು ಆಗುತ್ತದೆ ಎಂದು ಇನ್ನೊಂದು ಟರ್ಮಿನಲ್‌ನಲ್ಲಿ ಖಚಿತ ಮಾಡಿಕೊಂಡ ಮೇಲಷ್ಟೇ ಪಾಸ್‌ವರ್ಡ್ ಲಾಗಿನ್ ಮುಚ್ಚಿ. ಎಸ್‌ಎಸ್‌ಎಚ್‌ನ ಸೆಟ್ಟಿಂಗ್ ಫೈಲಿನಲ್ಲಿ 'ಪಾಸ್‌ವರ್ಡ್‌ಅಥೆಂಟಿಕೇಶನ್ ನೋ' ಎಂಬ ಸಾಲು ಅದಕ್ಕೆ. ಇದರಲ್ಲಿ ಪಿ ಮತ್ತು ಎ ದೊಡ್ಡಕ್ಷರ. ಇಮೇಜರ್‌ನಲ್ಲೇ ಕೀಲಿ ಕೊಟ್ಟಿದ್ದರೆ ಇದೆಲ್ಲ ಆಗಲೇ ಆಗಿರುತ್ತದೆ.

ರೂಟರಿನಲ್ಲಿ ಪೋರ್ಟ್ ತೆರೆದು ಈ ಸರ್ವರನ್ನು ಹೊರಗಿನ ಇಂಟರ್‌ನೆಟ್‌ಗೆ ತೋರಿಸುವ ಯೋಚನೆ ಬೇಡ. ಅದರ ಅಗತ್ಯವೇ ಇಲ್ಲ.

ವಿಕಿಪೀಡಿಯ ತರುವುದು

ಕಿವಿಕ್ಸ್ ಹುಟ್ಟಿದ್ದು 2007ರಲ್ಲಿ. ಇಡೀ ಒಂದು ತಾಣವನ್ನು 'ಜಿಮ್' ಎಂಬ ಒಂದೇ ಫೈಲಿಗೆ ಅಡಕ ಮಾಡಿ, ನೆಟ್ ಇಲ್ಲದೆ ಓದಲು ಬರುವಂತೆ ಮಾಡುತ್ತದೆ. ಹುಡುಕುವುದಕ್ಕೆ ಬೇಕಾದ ಸೂಚಿಯೂ ಆ ಫೈಲಿನ ಒಳಗೇ ಇರುತ್ತದೆ. ಪೈಯಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್ ಕಿವಿಕ್ಸ್-ಟೂಲ್ಸ್' ಎಂದರೆ ತಂತ್ರಾಂಶ ಬಂತು.

ಜಿಮ್ ಫೈಲುಗಳನ್ನು ಕಿವಿಕ್ಸ್‌ನ ಲೈಬ್ರರಿ ಪುಟದಿಂದ ಇಳಿಸಿಕೊಳ್ಳಿ. ಅಲ್ಲಿ ಭಾಷೆ ಕನ್ನಡ ಎಂದು ಆರಿಸಿದರೆ ಕನ್ನಡದಲ್ಲಿ ಏನೇನಿದೆ ಎಂಬುದು ಕಾಣುತ್ತದೆ. ವಿಕಿಪೀಡಿಯದಲ್ಲಿ ಚಿತ್ರ ಇರುವ 'ಮ್ಯಾಕ್ಸಿ', ಚಿತ್ರ ಇಲ್ಲದ 'ನೋಪಿಕ್' ಎಂದು ಬಗೆಗಳಿರುತ್ತವೆ. ಜಾಗ ಇದ್ದರೆ ಚಿತ್ರ ಇರುವುದನ್ನೇ ತನ್ನಿ. ಹೊಯ್ಸಳರ ಶಿಲ್ಪದ ಬಗ್ಗೆ ಓದುವ ಮಗುವಿಗೆ ಬೇಲೂರಿನ ಗುಡಿಯ ಫೋಟೊ ಇಲ್ಲದಿದ್ದರೆ ಹೇಗೆ? ಇಳಿಸುವಾಗ ಮಧ್ಯೆ ನೆಟ್ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕಿಲ್ಲ. 'ಡಬ್ಲ್ಯುಗೆಟ್ -ಸಿ' ಬಳಸಿ, ಅಥವಾ ಅಲ್ಲೇ ಸಿಗುವ ಟೊರೆಂಟ್ ಹಿಡಿಯಿರಿ. ನಿಮ್ಮ ಕಡೆ ನೆಟ್ ನಿಧಾನವಾದರೆ ಫೈಬರ್ ಇರುವ ಪೇಟೆಯ ಸ್ನೇಹಿತರಿಗೆ ಹೇಳಿ ಪೆನ್‌ಡ್ರೈವ್‌ನಲ್ಲಿ ತರಿಸಿಕೊಳ್ಳಿ. ಒಂದು ಎಚ್ಚರಿಕೆ: ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ.

ಇಂಗ್ಲಿಷ್ ವಿಕಿಪೀಡಿಯವನ್ನೂ ಚಿತ್ರಗಳ ಸಮೇತ ಇಡಬೇಕು ಅಂದರೆ ಅದು ನೂರು ಜಿಬಿ ಮಾತು. ಆಗ ಒಂದು ಎಸ್‌ಎಸ್‌ಡಿ ತಗೊಂಡು ಪೈ 4ರ ನೀಲಿ ಯುಎಸ್‌ಬಿ ಪೋರ್ಟಿಗೆ ಹಾಕಿ. ಬೂಟ್ ಆದಾಗಲೆಲ್ಲ ಅದು ತಾನಾಗಿ ಸೇರಿಕೊಳ್ಳಲು 'ಎಫ್‌ಎಸ್‌ಟ್ಯಾಬ್' ಫೈಲಿನಲ್ಲಿ ಒಂದು ಸಾಲು ಬರೆಯುತ್ತೀರಲ್ಲ, ಅದರಲ್ಲಿ 'ನೋಫೇಲ್' ಎಂಬ ಪದವನ್ನು ಮರೆಯದೆ ಸೇರಿಸಿ. ಅದಿಲ್ಲದಿದ್ದರೆ, ಯಾರೋ ಡಿಸ್ಕಿನ ಕೇಬಲ್ ಎಳೆದ ದಿನ ಪೈ ಬೂಟ್ ಆಗದೆ ಅರ್ಧಕ್ಕೇ ನಿಲ್ಲುತ್ತದೆ. ಮಾನಿಟರ್ ಇಲ್ಲದ ನಿಮಗೆ ಕಾರಣವೂ ತಿಳಿಯುವುದಿಲ್ಲ. ಕನ್ನಡದ ಫೈಲುಗಳಿಗಷ್ಟೇ ಆದರೆ ಕಾರ್ಡೇ ಸಾಕು.

ಫೈಲಿಡಲು ಜಾಗ ಮಾಡೋಣ. 'ಸುಡೊ ಎಂಕೆಡಿರ್ /ಎಸ್‌ಆರ್‌ವಿ/ಕಿವಿಕ್ಸ್' ಕೊಟ್ಟು, 'ಸುಡೊ ಚೌನ್' ಕಮಾಂಡಿನಿಂದ ಆ ಫೋಲ್ಡರನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಚೌನ್ ಬರೆಯುವುದು ಸಿ, ಎಚ್, ಓ, ಡಬ್ಲ್ಯು, ಎನ್. ಜಿಮ್ ಫೈಲನ್ನು 'ಎಸ್‌ಸಿಪಿ' ಮೂಲಕ ಅಲ್ಲಿಗೆ ಕಳಿಸಿ. ವಿಂಡೋಸ್‌ನವರಿಗೆ ವಿನ್‌ಎಸ್‌ಸಿಪಿ ಸುಲಭ, ಎಳೆದು ಹಾಕಿದರೆ ಆಯಿತು.

ಆ ಫೋಲ್ಡರಿನ ಒಳಗೆ ಹೋಗಿ 'ಕಿವಿಕ್ಸ್-ಮ್ಯಾನೇಜ್ ಲೈಬ್ರರಿ.ಎಕ್ಸ್‌ಎಂಎಲ್ ಆ್ಯಡ್' ಎಂದು ಬರೆದು, ಮುಂದೆ ಜಿಮ್ ಫೈಲಿನ ಹೆಸರು ಕೊಡಿ. ಪ್ರತಿ ಫೈಲಿಗೂ ಒಮ್ಮೆ ಹೀಗೆ ಮಾಡಿ. ಇದು ಗ್ರಂಥಾಲಯದ ಪುಸ್ತಕಪಟ್ಟಿ ಇದ್ದ ಹಾಗೆ, ಏನೇನಿದೆ ಎಂದು ಸರ್ವರ್‌ಗೆ ಇದರಿಂದ ಗೊತ್ತಾಗುತ್ತದೆ. ಈಗ 'ಕಿವಿಕ್ಸ್-ಸರ್ವ್ --ಪೋರ್ಟ್=8080 --ಲೈಬ್ರರಿ ಲೈಬ್ರರಿ.ಎಕ್ಸ್‌ಎಂಎಲ್' ಎಂದು ಓಡಿಸಿ. ನಿಮ್ಮ ಬ್ರೌಸರಿನಲ್ಲಿ ಪೈಯ ಐಪಿ ವಿಳಾಸ, ಅದರ ಮುಂದೆ ಕೋಲನ್, 8080 ಎಂದು ಬರೆದರೆ ಕನ್ನಡ ವಿಕಿಪೀಡಿಯ ಎದುರಿಗೆ ಬರುತ್ತದೆ. ರೂಟರಿನಿಂದ ಹೊರಗಿನ ನೆಟ್ ಕೇಬಲ್ ಕಿತ್ತು ಮತ್ತೊಮ್ಮೆ ನೋಡಿ. ಆಗಲೂ ಬರುತ್ತದೆ.

ತಾನಾಗಿ ಏಳುವಂತೆ ಮಾಡುವುದು

ಟರ್ಮಿನಲ್ ಮುಚ್ಚಿದರೆ ಇದು ನಿಂತುಹೋಗುತ್ತದೆ. ಬೂಟ್ ಆದಾಗಲೆಲ್ಲ ತಾನೇ ಶುರುವಾಗಲು, ಲಿನಕ್ಸ್‌ನಲ್ಲಿ ಇಂಥ ಕೆಲಸಗಳನ್ನು ಶುರು ಮಾಡಿ ನೋಡಿಕೊಳ್ಳುವ ಸಿಸ್ಟಂಡಿಗೆ ಹೇಳಬೇಕು. 'ಸುಡೊ ನ್ಯಾನೋ /ಇಟಿಸಿ/ಸಿಸ್ಟಂಡಿ/ಸಿಸ್ಟಂ/ಕಿವಿಕ್ಸ್.ಸರ್ವೀಸ್' ಎಂದು ಹೊಸ ಫೈಲು ತೆರೆಯಿರಿ. ಇದರಲ್ಲಿ ಚೌಕ ಕಂಸದೊಳಗೆ ಹೆಸರಿರುವ ಮೂರು ಭಾಗ. ಇಲ್ಲಿ ಕಂಸದೊಳಗಿನ ಮತ್ತು ಸಮ ಚಿಹ್ನೆಗೆ ಮೊದಲು ಬರುವ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು.

ಮೊದಲನೆಯದು [ಯೂನಿಟ್]. ಅದರ ಕೆಳಗೆ 'ಡಿಸ್ಕ್ರಿಪ್ಷನ್=' ಎಂದು ಒಂದು ವಿವರಣೆ.

ಎರಡನೆಯದು [ಸರ್ವೀಸ್]. ಅದರ ಕೆಳಗೆ ಮೂರು ಸಾಲು: 'ಯೂಸರ್=' ಎಂದು ನಿಮ್ಮ ಬಳಕೆದಾರರ ಹೆಸರು; 'ಎಕ್ಸೆಕ್‌ಸ್ಟಾರ್ಟ್=' ಎಂದು ಈಗಷ್ಟೇ ಓಡಿಸಿದ ಕಮಾಂಡ್; 'ರೀಸ್ಟಾರ್ಟ್=ಆನ್-ಫೇಲ್ಯೂರ್'. ಎಕ್ಸೆಕ್‌ಸ್ಟಾರ್ಟ್‌ನಲ್ಲಿ ಇ ಮತ್ತು ಎಸ್ ದೊಡ್ಡದು. ಕಮಾಂಡಿನ ಹೆಸರಿಗೆ ಪೂರ್ತಿ ದಾರಿ ಕೊಡಿ, ಅಂದರೆ '/ಯುಎಸ್‌ಆರ್/ಬಿನ್/ಕಿವಿಕ್ಸ್-ಸರ್ವ್'. ಪಟ್ಟಿಯ ಫೈಲಿಗೂ ಪೂರ್ತಿ ದಾರಿ. ಅರ್ಧ ದಾರಿ ಕೊಟ್ಟು ಪೇಚಾಡುವವರೇ ಜಾಸ್ತಿ.

ಮೂರನೆಯದು [ಇನ್‌ಸ್ಟಾಲ್]. ಅದರ ಕೆಳಗೆ 'ವಾಂಟೆಡ್‌ಬೈ=ಮಲ್ಟಿ-ಯೂಸರ್.ಟಾರ್ಗೆಟ್'. ಇದರಲ್ಲಿ ಡಬ್ಲ್ಯು ಮತ್ತು ಬಿ ಮಾತ್ರ ದೊಡ್ಡದು, ಸಮ ಚಿಹ್ನೆಯ ನಂತರದ್ದೆಲ್ಲ ಸಣ್ಣದು. ಎರಡನೇ ಭಾಗದ 'ಆನ್-ಫೇಲ್ಯೂರ್' ಕೂಡ ಹಾಗೆಯೇ.

ಉಳಿಸಿದ ಮೇಲೆ 'ಸುಡೊ ಸಿಸ್ಟಂಸಿಟಿಎಲ್ ಎನೇಬಲ್ --ನೌ ಕಿವಿಕ್ಸ್'. ಸರಿಯಾಗಿ ನಡೆಯುತ್ತಿದೆಯಾ ನೋಡಲು 'ಸಿಸ್ಟಂಸಿಟಿಎಲ್ ಸ್ಟೇಟಸ್ ಕಿವಿಕ್ಸ್'. ಹಸಿರು ಬಣ್ಣದಲ್ಲಿ 'ಆ್ಯಕ್ಟಿವ್' ಎಂದು ಬಂದರೆ ಗೆದ್ದಿರಿ. ಬರದಿದ್ದರೆ 'ಜರ್ನಲ್‌ಸಿಟಿಎಲ್ -ಯು ಕಿವಿಕ್ಸ್' ಕೊಟ್ಟು ಕೊನೆಯ ಸಾಲುಗಳನ್ನು ಓದಿ. ಕಾರಣ ಬಹುತೇಕ ಅಲ್ಲೇ ಬರೆದಿರುತ್ತದೆ.

ಪೈಯದೇ ವೈಫೈ

ಶಾಲೆಯಲ್ಲಿ ರೂಟರ್ ಇಲ್ಲದಿದ್ದರೆ ಪೈಯೇ ವೈಫೈ ಕೊಡುತ್ತದೆ. ಈ ಕೆಲಸವನ್ನು ಲ್ಯಾನ್ ಕೇಬಲ್ ಮೂಲಕ ಒಳಗೆ ಬಂದೇ ಮಾಡಿ. ವೈಫೈಯಿಂದ ಬಂದಿದ್ದರೆ ಕೂತ ಕೊಂಬೆಯನ್ನೇ ಕಡಿದ ಹಾಗಾಗುತ್ತದೆ. 'ಸುಡೊ ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಹಾಟ್‌ಸ್ಪಾಟ್ ಎಸ್‌ಎಸ್‌ಐಡಿ' ಎಂದು ಬರೆದು, ವೈಫೈಯ ಹೆಸರು, 'ಪಾಸ್‌ವರ್ಡ್' ಎಂಬ ಪದ, ಕನಿಷ್ಠ 8 ಅಕ್ಷರದ ಪಾಸ್‌ವರ್ಡ್ ಕೊಡಿ. ಪ್ರತಿ ಬೂಟಿನಲ್ಲೂ ಇದು ತಾನೇ ಏಳಲು 'ಸುಡೊ ಎನ್‌ಎಂಟಿಯುಐ' ತೆರೆದು, ಹಾಟ್‌ಸ್ಪಾಟ್ ಎಂಬ ಸಂಪರ್ಕದಲ್ಲಿ ತಾನಾಗಿ ಸೇರುವ ಆಯ್ಕೆಗೆ ಗುರುತು ಹಾಕಿ. ಆಗ ಪೈಯ ವಿಳಾಸ 10.42.0.1 ಆಗಿರುತ್ತದೆ.

ಇಡೀ ತರಗತಿ ಒಟ್ಟಿಗೆ ಬಳಸುವುದಾದರೆ ಪೈಯ ಪುಟ್ಟ ಆಂಟೆನಾ ಸಾಲದು. ಒಂದು ಹಳೆ ವೈಫೈ ರೂಟರ್ ತಂದು ಲ್ಯಾನ್ ಕೇಬಲಿನಿಂದ ಪೈಗೆ ಜೋಡಿಸಿ, ವೈಫೈಯ ಭಾರ ಅದೇ ಹೊರಲಿ. ಆ ರೂಟರಿನಲ್ಲಿ ಪೈಗೆ ಒಂದೇ ಐಪಿ ಕಾಯಂ ಆಗಿ ಸಿಗುವಂತೆ ಗೊತ್ತುಮಾಡಿ.

ಫೋನುಗಳ ವಿಷಯದಲ್ಲಿ ಎರಡು ತೊಡಕು ಬಂದೇ ಬರುತ್ತವೆ. ಹಳೆ ಆಂಡ್ರಾಯ್ಡ್‌ಗಳಿಗೆ 'ಪುಸ್ತಕ.ಲೋಕಲ್' ಎಂಬ ಹೆಸರು ಗೊತ್ತಾಗುವುದಿಲ್ಲ, ಐಪಿ ವಿಳಾಸವೇ ಬೇಕು. ಅದನ್ನು ಕೋಲನ್, 8080 ಸಮೇತ ಕ್ಯೂಆರ್ ಕೋಡ್ ಮಾಡಿ ಗೋಡೆಗೆ ಅಂಟಿಸಿ. ಇನ್ನೊಂದು, ಈ ವೈಫೈಯಲ್ಲಿ ಇಂಟರ್‌ನೆಟ್ ಇಲ್ಲ ಎಂದು ಫೋನು ಮೊಬೈಲ್ ಡೇಟಾಗೆ ಜಾರಿಕೊಳ್ಳುತ್ತದೆ, ಪುಟ ತೆರೆಯುವುದಿಲ್ಲ. ಡೇಟಾ ಆಫ್ ಮಾಡಲು ಹೇಳಿ. ಇದನ್ನೂ ಅದೇ ಚೀಟಿಯಲ್ಲಿ ಬರೆದುಬಿಡಿ. ಲ್ಯಾಬಿನ ಹಳೆ ಲಿನಕ್ಸ್ ಯಂತ್ರಗಳಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ತಪ್ಪು ಸರ್ವರಿನದಲ್ಲ, ಆ ಯಂತ್ರದಲ್ಲಿ ಫಾಂಟ್ ಇಲ್ಲ. ಡೆಬಿಯನ್, ಉಬುಂಟುಗಳಲ್ಲಿ 'ಫಾಂಟ್ಸ್-ಗುಬ್ಬಿ' ಮತ್ತು 'ಫಾಂಟ್ಸ್-ನವಿಲು' ಎಂಬ ಕನ್ನಡ ಫಾಂಟುಗಳು ಆಪ್ಟ್‌ನಲ್ಲೇ ಸಿಗುತ್ತವೆ.

ಮೇನ್ ಸ್ವಿಚ್ ಆರಿಸಿದರೂ ಕೆಡದಂತೆ

ಈಗ ಎಲ್ಲಕ್ಕಿಂತ ಮುಖ್ಯವಾದ ಹಂತ. ಕಾರ್ಡಿಗೆ ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಫೈಲುಗಳು ಹಾಳಾಗುತ್ತವೆ. ಲಿನಕ್ಸ್ ಸುಮ್ಮನೆ ಕೂತಿದ್ದರೂ ಲಾಗ್, ತಾತ್ಕಾಲಿಕ ಫೈಲು ಅಂತ ಏನನ್ನಾದರೂ ಬರೆಯುತ್ತಲೇ ಇರುತ್ತದೆ. ಆದರೆ ನಮ್ಮ ಸರ್ವರ್ ಬರೀ ಓದಿಸುವ ಸರ್ವರ್, ಅದಕ್ಕೆ ಬರೆಯುವ ಕೆಲಸವೇ ಇಲ್ಲ. ಹಾಗಾದರೆ ಬರೆಯುವುದನ್ನೇ ನಿಲ್ಲಿಸಿಬಿಡಬಹುದು, ಅಲ್ವಾ?

'ಸುಡೊ ರಾಸ್ಪಿ-ಕಾನ್ಫಿಗ್' ತೆರೆಯಿರಿ. ಪರ್ಫಾರ್ಮೆನ್ಸ್ ಆಯ್ಕೆಗಳ ಒಳಗೆ ಓವರ್‌ಲೇ ಫೈಲ್ ಸಿಸ್ಟಂ ಎಂದಿದೆ. ಅದನ್ನು ಆನ್ ಮಾಡಿ. ಬೂಟ್ ಭಾಗಕ್ಕೂ ಬರೆಯಲಾಗದಂತೆ ಮಾಡಬೇಕಾ ಎಂದು ಕೇಳಿದರೆ ಹೌದು ಎನ್ನಿ. ರೀಬೂಟ್ ಮಾಡಿ. ಇನ್ನು ಮುಂದೆ ಪೈ ಬರೆಯುವುದೆಲ್ಲ ರ‍್ಯಾಮಿಗೆ ಹೋಗುತ್ತದೆ, ಪವರ್ ಹೋದಾಗ ಮಾಯವಾಗುತ್ತದೆ. ಕಾರ್ಡು ಮಾತ್ರ ನೀವು ಇಟ್ಟ ಹಾಗೇ ಇರುತ್ತದೆ. ಪರೀಕ್ಷೆ ಮಾಡಲು ಹೋಂ ಫೋಲ್ಡರಿನಲ್ಲಿ ಒಂದು ಫೈಲು ಮಾಡಿ, ಪವರ್ ಎಳೆದು ಮತ್ತೆ ಕೊಡಿ. ಫೈಲು ಕಾಣದಿದ್ದರೆ, ವಿಕಿಪೀಡಿಯ ಬಂದರೆ, ಎಲ್ಲ ಸರಿಯಾಗಿದೆ.

ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರ ಇಲ್ಲ. ನೆಟ್ ಇಲ್ಲದ ಕಡೆ ಅದು ತಪ್ಪು ದಿನಾಂಕ ತೋರಿಸುತ್ತದೆ. ಓದುವವರಿಗೆ ಇದರಿಂದ ಏನೂ ಆಗುವುದಿಲ್ಲ.

ಈಗ ಆ ಎರಡನೇ ಕಾರ್ಡು. ಪೈಯನ್ನು 'ಸುಡೊ ಪವರ್‌ಆಫ್' ಕೊಟ್ಟು ನಿಲ್ಲಿಸಿ, ಕಾರ್ಡು ತೆಗೆದು, ನಿಮ್ಮ ಕಂಪ್ಯೂಟರಿನಲ್ಲಿ ಅದರ ಪೂರ್ತಿ ನಕಲು ತೆಗೆಯಿರಿ. ಲಿನಕ್ಸ್‌ನಲ್ಲಿ 'ಡಿಡಿ', ವಿಂಡೋಸ್‌ನಲ್ಲಿ ವಿನ್32 ಡಿಸ್ಕ್ ಇಮೇಜರ್. ಆ ನಕಲನ್ನು ಎರಡನೇ ಕಾರ್ಡಿಗೆ ಬರೆದು, ಒಮ್ಮೆ ಅದರಿಂದ ಬೂಟ್ ಮಾಡಿ ನೋಡಿ, ಚೀಟಿ ಅಂಟಿಸಿ ಲ್ಯಾಬಿನ ಬೀರುವಿನಲ್ಲಿಡಿ. ನೀವು ಊರಲ್ಲಿ ಇಲ್ಲದ ದಿನ ಮೊದಲ ಕಾರ್ಡು ಸತ್ತರೆ, ಮೇಷ್ಟ್ರೋ ಟೀಚರ್ರೋ ಕಾರ್ಡು ಬದಲಿಸಿ ಪವರ್ ಕೊಟ್ಟರೆ ಸಾಕು. ಅವರು ಲಿನಕ್ಸ್ ಕಲಿಯಬೇಕಿಲ್ಲ.

ಹೊಸ ಜಿಮ್ ಬಂದಾಗ

ಜಿಮ್ ಫೈಲಿನ ಹೆಸರಿನಲ್ಲೇ ವರ್ಷ, ತಿಂಗಳು ಇರುತ್ತವೆ. ವರ್ಷಕ್ಕೊಮ್ಮೆ, ಬೇಸಿಗೆ ರಜೆಯಲ್ಲಿ, ಹೊಸದು ಬಂದಿದೆಯಾ ನೋಡಿ. ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಆಫ್ ಮಾಡಿ, ರೀಬೂಟ್ ಮಾಡಿ. ಇದನ್ನು ಮರೆತರೆ ನೀವು ಹಾಕಿದ್ದೆಲ್ಲ ರ‍್ಯಾಮಿಗೆ ಹೋಗಿ, ಸಂಜೆ ಕರೆಂಟಿನ ಜೊತೆ ಅದೂ ಹೋಗುತ್ತದೆ. ಬೋರ್ಡನ್ನು ನೆಟ್ ಇರುವ ಕಡೆ ಒಯ್ದು ಆಪ್ಟ್‌ನ ಎರಡೂ ಕಮಾಂಡ್ ಓಡಿಸಿ. ಹೊಸ ಜಿಮ್ ನಕಲಿಸಿ, ಕಿವಿಕ್ಸ್-ಮ್ಯಾನೇಜ್‌ನಿಂದ ಪಟ್ಟಿಗೆ ಸೇರಿಸಿ, 'ಸುಡೊ ಸಿಸ್ಟಂಸಿಟಿಎಲ್ ರೀಸ್ಟಾರ್ಟ್ ಕಿವಿಕ್ಸ್' ಕೊಡಿ. ಕೆಲವು ಲೇಖನ ತೆರೆದು, ಒಂದೆರಡು ಪದ ಹುಡುಕಿ ನೋಡಿ. ಎಲ್ಲ ಸರಿ ಬಂದ ಮೇಲಷ್ಟೇ ಹಳೆಯದನ್ನು ಪಟ್ಟಿಯಿಂದ ತೆಗೆದು ಅಳಿಸಿ. ಓವರ್‌ಲೇ ಮತ್ತೆ ಆನ್ ಮಾಡಿ, ಬೀರುವಿನಲ್ಲಿರುವ ಕಾರ್ಡಿಗೂ ಹೊಸ ನಕಲು ಬರೆದಿಡಿ.